ಬಾಬಾಜಾನ್ ಸಾಬರು ಕಾಣದ ಕೋಣೆ

ಅಟ್ಟದಿಂದ ಏನನ್ನಾದರೂ ಇಳಿಸುವುದೆಂದರೆ ನನಗೆ ಮೊದಲಿನಿಂದಲೂ ಅಳುಕು. ಹುಡುಕುವುದು ಒಂದು, ಕೈಗೆ ಸಿಗುವುದು ಇನ್ನೊಂದು. ಆಮೇಲೆ ಇಡೀ ದಿನ ಆ ಇನ್ನೊಂದರ ಹಿಂದೆಯೇ ಕಳೆದುಹೋಗುತ್ತದೆ. ಹೋದ ವರ್ಷವೂ ಹಾಗೇ ಆಯಿತು. ನಾನು ಓದಿದ, ಆಮೇಲೆ ಪಾಠವನ್ನೂ ಮಾಡಿದ ವಿಶ್ವವಿದ್ಯಾಲಯ ತನ್ನದೇ ಚರಿತ್ರೆಯ ಒಂದು ಮ್ಯೂಸಿಯಂ ಮಾಡಲು ಹೊರಟಿತ್ತು. ಸಮಿತಿಯವರೆಲ್ಲ ತಮ್ಮ ತಮ್ಮ ಮನೆಯಲ್ಲಿರುವ ಹಳೆಯ ವಸ್ತುವೊಂದನ್ನು ಮುಂದಿನ ಸಭೆಗೆ ತರಬೇಕೆಂದು ಹೇಳಿದ್ದರು. ನಾನು ಹುಡುಕಿದ್ದು ಗೌನು ತೊಟ್ಟು ತೆಗೆಸಿಕೊಂಡ ಘಟಿಕೋತ್ಸವದ ಫೋಟೊ. ಸಿಕ್ಕಿದ್ದು ಒಂದು ಪೆನ್ನಿನ ಡಬ್ಬಿ.

ಚನ್ನಪಟ್ಟಣದ ಬೊಂಬೆ ಕೆಲಸದವರು ಮಾಡಿದ್ದು. ಮರದ್ದು, ಮೈಯೆಲ್ಲ ಹಳದಿ ಅರಗು, ಕಂಠದ ಬಳಿ ಒಂದು ಕೆಂಪು ಗೆರೆ. ಧೂಳು ಒರೆಸಿದರೆ ಇವತ್ತು ಅಂಗಡಿಯಿಂದ ತಂದ ಹಾಗೆ ಹೊಳೆಯಿತು. ಅದನ್ನು ಕೈಯಲ್ಲಿ ಹಿಡಿದುಕೊಂಡು ನಾನು ಏಣಿಯ ಮೇಲೇ ಕುಳಿತುಬಿಟ್ಟೆ. ಕೆಳಗೆ ಏಣಿ ಹಿಡಿದಿದ್ದ ಕೆಲಸದ ಗೌರಮ್ಮ, "ಅಮ್ಮಾ, ತಲೆ ಸುತ್ತು ಬಂತಾ?" ಎಂದು ಗಾಬರಿಯಾದಳು. ಇಲ್ಲ ಎಂದೆ. ಆದರೆ ಬಂದದ್ದು ಹೆಚ್ಚುಕಡಿಮೆ ಅದೇ.

ಸಮಿತಿಯಲ್ಲಿ ನಾನಿದ್ದದ್ದು ಪಾಂಡಿತ್ಯಕ್ಕಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ವಿದ್ಯಾರ್ಥಿನಿ, ನಿವೃತ್ತಿಯಾದರೂ ರಾಮನಗರ ಬಿಟ್ಟು ಹೋಗಿಲ್ಲ, ಕರೆದರೆ ಆಟೋ ಹತ್ತಿ ಬರುತ್ತಾಳೆ, ಸಕ್ಕರೆ ಕಾಯಿಲೆ ಇರುವುದರಿಂದ ಬಿಸ್ಕತ್ತನ್ನೂ ಮುಟ್ಟುವುದಿಲ್ಲ. ಇಷ್ಟೇ ಅರ್ಹತೆ. ಸಭೆಗಳಲ್ಲಿ ನನ್ನ ಕೆಲಸ ತಲೆಯಾಡಿಸುವುದು. ಮಾಜಿ ಕುಲಪತಿಗಳ ಭಾವಚಿತ್ರಗಳನ್ನು ಯಾವ ಕ್ರಮದಲ್ಲಿ ತೂಗುಹಾಕಬೇಕು ಎಂಬುದರ ಮೇಲೆಯೇ ಎರಡು ಸಭೆ ಕಳೆದವು. ಒಬ್ಬರ ಮಗ ಫೋನು ಮಾಡಿ, ತಮ್ಮ ತಂದೆಯವರ ಚಿತ್ರ ಬಾಗಿಲ ಹಿಂದೆ ಬರಕೂಡದು ಎಂದು ತಾಕೀತು ಮಾಡಿದರಂತೆ. ಮ್ಯೂಸಿಯಂ ರೂಪಿಸುವ ಹೊಣೆ ಹೊತ್ತು ಬೆಂಗಳೂರಿನಿಂದ ಬರುತ್ತಿದ್ದ ಅನುಷಾ ಎಂಬ ಹುಡುಗಿ ಇದನ್ನೆಲ್ಲ ಕೇಳಿಸಿಕೊಂಡು, ಬಾಗಿಲನ್ನೇ ತೆಗೆದುಬಿಡೋಣ ಸರ್ ಎಂದಳು. ಅವತ್ತಿನಿಂದ ಅವಳು ನನಗೆ ಇಷ್ಟವಾದಳು.

ಮ್ಯೂಸಿಯಂಗೆ ಆರಿಸಿದ್ದು ಹಳೆಯ ಹೆಣ್ಣುಮಕ್ಕಳ ಹಾಸ್ಟೆಲ್ಲನ್ನು. ಕ್ಯಾಂಪಸ್ಸಿನಲ್ಲಿ ಉಳಿದಿರುವ ಕಲ್ಲಿನ ಕಟ್ಟಡ ಅದೊಂದೇ. ಹೊಸ ಹಾಸ್ಟೆಲ್ಲುಗಳು ಬಂದ ಮೇಲೆ ಅದರಲ್ಲಿ ಮುರಿದ ಬೆಂಚು, ಹಳೆಯ ಉತ್ತರಪತ್ರಿಕೆ, ಪಾರಿವಾಳ ಇಷ್ಟೇ ವಾಸ. ನಾನು ಇಲ್ಲಿಗೆ ಓದಲು ಬಂದಾಗ ವಿಶ್ವವಿದ್ಯಾಲಯ ಎನ್ನುವಷ್ಟು ಏನೂ ಇರಲಿಲ್ಲ. ಬಂಡೆಗಳ ಬದಿಗೆ ನಾಲ್ಕಾರು ಕಟ್ಟಡ, ನಡುವೆ ಮೇಯುವ ಎಮ್ಮೆಗಳು, ಮೂಡಣಕ್ಕೆ ಒಂದು ಗೇಟು. ಆ ಹಾಸ್ಟೆಲ್ಲಿನ ಮಹಡಿಯ ಮೂಲೆಯ ಕೋಣೆಯಲ್ಲಿ ನಾನು ಮತ್ತು ಶಮೀಮ್ ಎರಡು ವರ್ಷ ಇರಬೇಕಾಗಿತ್ತು. ಎರಡು ವರ್ಷ ಪೂರ್ತಿ ಇದ್ದವಳು ನಾನೊಬ್ಬಳೇ.

ಕೋಣೆ ಎಂಬ ವಸ್ತುವಿನ ಬಗ್ಗೆ ನನಗಿದ್ದ ಮೋಹವನ್ನು ನಿಮಗೆ ಹೇಳಬೇಕು, ಇಲ್ಲದಿದ್ದರೆ ಅರ್ಥವಾಗುವುದಿಲ್ಲ. ನಮ್ಮದು ಕೂಟಗಲ್. ಅಪ್ಪ ರಾಗಿ ಬೆಳೆಯುತ್ತಿದ್ದರು, ಅವ್ವ ರೇಷ್ಮೆಹುಳು ಸಾಕುತ್ತಿದ್ದಳು. ನಮ್ಮ ಮನೆಯಲ್ಲಿ ನಡುಮನೆ ಹುಳುಗಳಿಗೆ, ಜಗುಲಿ ನಮಗೆ. ಹುಳುಗಳಿಗೆ ಚಳಿಯಾದರೆ ಕೆಂಡದ ಬಾಂಡ್ಲಿ, ನಮಗೆ ಚಳಿಯಾದರೆ ಗೋಣಿಚೀಲ. ಹುಳುಗಳು ಮಲಗಿದಾಗ ಯಾರೂ ಜೋರಾಗಿ ಮಾತಾಡುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ನಾನು ಎಸ್ಸೆಸ್ಸೆಲ್ಸಿಗೆ ಓದಿದ್ದು ಜಗುಲಿಯ ಕಂಬಕ್ಕೊರಗಿ, ನಾಯಿಯ ಪಕ್ಕ. ಹೀಗಾಗಿ ಹಾಸ್ಟೆಲ್ಲಿನಲ್ಲಿ ಅರ್ಧ ಕೋಣೆ ಸಿಕ್ಕಾಗ, ಹುಳುಗಳಿಗೆ ಸಿಕ್ಕ ಮರ್ಯಾದೆ ಕೊನೆಗೂ ನನಗೂ ಸಿಕ್ಕಿತೆಂದು ಬೀಗಿದೆ.

ಉಳಿದರ್ಧ ಶಮೀಮಳದು. ಚನ್ನಪಟ್ಟಣದ ಹುಡುಗಿ, ಗಣಿತದ ಎಂ.ಎಸ್ಸಿ., ಬಿದಿರಿನ ಹಾಗೆ ಉದ್ದ. ಮೊದಲ ದಿನ ಅವಳು ಟ್ರಂಕು ತೆಗೆದು ಬಟ್ಟೆಗೆ ಒಂದು ತೊಟ್ಟು ಅತ್ತರು ಹಚ್ಚಿದಳು. ವಾಸನೆ ಮೂಗಿಗೆ ಬಡಿದದ್ದೇ ನಾನು, "ಅಯ್ಯೋ, ಹುಳ ಸಾಯ್ತವೆ!" ಎಂದು ಕೂಗಿ ಎದ್ದು ನಿಂತೆ. ಅವಳು ಬಗ್ಗಿ ಮಂಚದ ಕೆಳಗೆಲ್ಲ ನೋಡಿದಳು. "ಯಾವ್ ಹುಳ?" ಎಂದಳು. ನಾನು ವಿವರಿಸಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು ನಕ್ಕು ಕೆಮ್ಮು ಬಂದು, ನೀರು ಕುಡಿದು, ಮತ್ತೆ ನಕ್ಕಳು. ಆಮೇಲೆ ನನ್ನ ಹೆಸರು ಕೇಳಿದಳು. ಪುಟ್ಟತಾಯಮ್ಮ ಎಂದೆ, ಇನ್ನೊಂದು ನಗೆಗೆ ಸಿದ್ಧಳಾಗಿ. ಉಷಾ, ವಸಂತಿ, ಪ್ರಮೀಳಾ ಇದ್ದ ಹಾಸ್ಟೆಲ್ಲಿನಲ್ಲಿ ಆ ಹೆಸರನ್ನು ಹೇಳುವಾಗ ನಾನು ಪ್ರತಿಸಲವೂ ಒಮ್ಮೆ ಕೆಮ್ಮಿ ಹೇಳುತ್ತಿದ್ದೆ. ಅವಳು ನಗಲಿಲ್ಲ. "ಚೆನ್ನಾಗೈತೆ ಕಣೆ. ನಾನು ಪುಟ್ಟಿ ಅಂತೀನಿ" ಎಂದಳು. ಮನೆಯವರನ್ನು ಬಿಟ್ಟರೆ ನನ್ನನ್ನು ಪುಟ್ಟಿ, ಪುಟ್ಟವ್ವ ಎಂದು ಕರೆದವರು ಅವಳೂ ಅವಳ ತಂದೆಯೂ ಮಾತ್ರ.

ತಂದೆಯ ಹೆಸರು ಬಾಬಾಜಾನ್ ಸಾಬ್. ಮರ ಕಡೆದು ಬೊಂಬೆ ಮಾಡುವವರು. ಅವರ ಬೀದಿಯಲ್ಲಿ ಕಾಲೇಜು ಮುಗಿಸಿದ ಮೊದಲ ಹೆಣ್ಣುಮಗು ಶಮೀಮ್. ಅದರ ಮೇಲೂ ಹಾಸ್ಟೆಲ್ಲಿಗೆ ಕಳಿಸಿದ್ದಕ್ಕೆ ನೆಂಟರು ಅವರ ಮನೆಗೆ ಬಂದು ಚಹಾ ಕುಡಿಯದೆ ಎದ್ದು ಹೋಗಿದ್ದರಂತೆ. ಸಾಬರು ಕೈಗೆ ಬಿಡುವು ಸಿಕ್ಕ ಭಾನುವಾರಗಳಲ್ಲಿ ಬರುತ್ತಿದ್ದರು. ಮಾಸಲು ಬಿಳಿ ಅಂಗಿ, ಲುಂಗಿ, ಟೋಪಿ, ಬೆರಳ ತುದಿಗಳಲ್ಲಿ ಎಷ್ಟು ತೊಳೆದರೂ ಹೋಗದ ಅರಗಿನ ಬಣ್ಣ. ಕೈಯಲ್ಲಿ ಶಾವಿಗೆ ಪಾಯಸದ ಡಬ್ಬಿ. ಗಂಡಸರು, ತಂದೆಯಾದರೂ ಸರಿ, ಹಾಸ್ಟೆಲ್ಲಿನ ಗೇಟು ದಾಟುವಂತಿರಲಿಲ್ಲ. ಕಾವಲುಗಾರ ಅಲ್ಲಿಂದಲೇ, "ಶಮೀಮಮ್ಮಾ, ಇಸಿಟರ್ರು!" ಎಂದು ಕೂಗುತ್ತಿದ್ದ. ಸಾಬರು ಗೇಟಿನ ಪಕ್ಕ ಬಿಸಿಲಲ್ಲಿ ನಿಂತು ಕಾಯುತ್ತಿದ್ದರು.

ಅವಳು ಇಳಿಯುವಾಗ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದಳು. ಸಾಬರದ್ದು ಪ್ರತಿಸಲ ಒಂದೇ ಪ್ರಶ್ನೆ: "ಒಳಗೆ ಹೆಂಗೈತವ್ವ ಕೋಣೆ? ಗಾಳಿ ಬೆಳಕು ಐತಾ?" ಐತೆ ಅಬ್ಬಾ ಎಂದು ಇವಳು. "ಪುಟ್ಟವ್ವ, ನೀನ್ ಹೇಳು. ಇವಳು ಸುಳ್ಳಿ" ಎಂದು ನನ್ನ ಕಡೆ ತಿರುಗುತ್ತಿದ್ದರು. ನಾನು ಕೋಣೆಯನ್ನು ಅರಮನೆ ಮಾಡಿ ಬಣ್ಣಿಸುತ್ತಿದ್ದೆ. ನನಗಂತೂ ಅದು ಅರಮನೆಯೇ. ಹಾಗೊಂದು ಸಲ ಬಂದಾಗಲೇ ಇಬ್ಬರಿಗೂ ಒಂದೊಂದು ಪೆನ್ನಿನ ಡಬ್ಬಿ ಮಾಡಿಕೊಂಡು ತಂದಿದ್ದರು.

ಎರಡನೆಯ ವರ್ಷ, ಸಂಕ್ರಾಂತಿ ಕಳೆದ ಮೇಲೆ ಶಮೀಮಳಿಗೆ ಜ್ವರ ಬಂತು. ಹಾಸ್ಟೆಲ್ಲಿನಲ್ಲಿ ಜ್ವರ ಬರುವುದು ಹೊಸದೇನಲ್ಲ. ಮಾತ್ರೆ ನುಂಗಿದಳು, ಗಂಜಿ ಕುಡಿದಳು, ಪುಸ್ತಕ ತೆರೆದು ಕುಳಿತಳು. ಆಮೇಲೆ ಬೆಳಕನ್ನು ನೋಡಲಾಗುತ್ತಿಲ್ಲ ಎಂದಳು. ಮಾತು ತಡವರಿಸಿತು. ವಾರ್ಡನ್ ಅಮ್ಮ ತಮ್ಮ ತಮ್ಮನ ಕಾರು ತರಿಸಿ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದರು. ಮಿದುಳಿಗೆ ಏರಿದ ಜ್ವರ ಎಂದರಂತೆ. ಕಾರಿನ ಬಾಗಿಲು ಹಾಕುವಾಗ ಅವಳು ನನಗೆ, "ಪುಟ್ಟಿ, ಬಟ್ಟೆ ಒಣಗಾಕಿದೀನಿ, ಎತ್ತಿಡೆ" ಎಂದಳು. ಎತ್ತಿಟ್ಟೆ. ಮಡಿಸಿಯೂ ಇಟ್ಟೆ. ಅವಳು ಬರಲಿಲ್ಲ.

ಸಾಬರು ಅವಳ ಟ್ರಂಕು ತೆಗೆದುಕೊಂಡು ಹೋಗಲು ಬಂದ ದಿನ ಹಾಸ್ಟೆಲ್ಲಿನಲ್ಲಿ ಯಾರೂ ಊಟಕ್ಕೆ ಇಳಿದಿರಲಿಲ್ಲ. ನಾನೂ ಅಡುಗೆಯ ಹೆಂಗಸೂ ಟ್ರಂಕನ್ನು ಗೇಟಿನವರೆಗೆ ಹೊತ್ತು ತಂದೆವು. ವಾರ್ಡನ್ ಅಮ್ಮ ಬಹಳ ಬಿಗಿಯ ಹೆಂಗಸು. ಹಾಸ್ಟೆಲ್ಲಿನ ನಿಯಮಗಳನ್ನು ದೇವರ ನಾಮದಂತೆ ಹೇಳುತ್ತಿದ್ದವರು. ಅವತ್ತು ಅವರೇ ಗೇಟಿನ ಎರಡೂ ಬಾಗಿಲನ್ನು ತೆರೆದು, "ಒಳಗೆ ಬನ್ನಿ ಸಾಬರೇ. ಮಗಳ ಕೋಣೆ ಒಂದ್ಸಲ ನೋಡಿಕೊಂಡು ಹೋಗಿ" ಎಂದರು. ದನಿ ಒಡೆದಿತ್ತು. ಸಾಬರು ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. "ಬ್ಯಾಡಮ್ಮ" ಎಂದರು. "ಬ್ಯಾಡ." ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ರಸ್ತೆಗಿಳಿದರು.

ದುಃಖ ಮನುಷ್ಯರನ್ನು ಹೀಗೂ ಮಾಡುತ್ತದೆ ಎಂದುಕೊಂಡೆ ಆಗ. ಆಮೇಲೆ ಒಂದೆರಡು ವರ್ಷ ರಂಜಾನಿಗೆ ಅವರ ಮನೆಗೆ ಹೋಗಿಬಂದೆ. ಹೋದಾಗಲೆಲ್ಲ ಶಮೀಮಳ ತಾಯಿ ನನ್ನ ಮುಖ ಹಿಡಿದುಕೊಂಡು ಅಳುತ್ತಿದ್ದರು. ನನ್ನನ್ನು ನೋಡುವುದೇ ಆ ತಾಯಿಗೆ ಹಿಂಸೆ ಎನಿಸಿ ನಿಲ್ಲಿಸಿದೆ. ಕೆಲಸ, ಮದುವೆ, ಮಕ್ಕಳು ಅನ್ನುತ್ತ ನಾನೂ ಮುದುಕಿಯಾದೆ.

ಪೆನ್ನಿನ ಡಬ್ಬಿಯನ್ನು ಸಭೆಗೆ ಒಯ್ದೆ. ಎಲ್ಲರೂ ಒಮ್ಮೆ ತಿರುಗಿಸಿ ನೋಡಿದರು. ಚೆನ್ನಾಗಿದೆ, ಆದರೆ ವಿಶ್ವವಿದ್ಯಾಲಯದ ಚರಿತ್ರೆಗೆ ಇದರ ಸಂಬಂಧವೇನು ಎಂದು ಅಧ್ಯಕ್ಷರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅದನ್ನು 'ಪರಿಶೀಲನೆಗೆ' ಎಂದು ಬರೆದ ರಟ್ಟಿನ ಪೆಟ್ಟಿಗೆಯಲ್ಲಿಟ್ಟರು. ಬಳಿಕ ಅನುಷಾ ಗೋಡೆಯ ಮೇಲೆ ಕಟ್ಟಡದ ನಕ್ಷೆ ಮೂಡಿಸಿದಳು. ಮಹಡಿಯ ಮೂಲೆಯ ಮೂರು ಕೋಣೆಗಳ ನಡುಗೋಡೆ ಒಡೆದು ಒಂದು ದೊಡ್ಡ ಹಾಲ್. ಕುಲಪತಿಗಳೆಲ್ಲ ಅಲ್ಲಿ. ಆ ಮೂರರಲ್ಲಿ ಕೊನೆಯದು ನಮ್ಮ ಕೋಣೆ.

"ಒಂದು ಕೋಣೆಯನ್ನಾದರೂ ಇದ್ದ ಹಾಗೇ ಉಳಿಸಬಹುದಲ್ಲ?" ಎಂದೆ. ಇಷ್ಟು ಸಭೆಗಳಲ್ಲಿ ನಾನು ತಲೆಯಾಡಿಸದೆ ಮಾತಾಡಿದ್ದು ಅದೇ ಮೊದಲು.

"ಉಳಿಸೋಣ ಮೇಡಂ. ಆ ಕೋಣೆಯಲ್ಲಿ ಏನು ನಡೆದಿತ್ತು? ಯಾರಾದರೂ ದೊಡ್ಡವರು ಇದ್ದರಾ?" ಎಂದರು ಅಧ್ಯಕ್ಷರು, ಪೆನ್ನು ಹಿಡಿದುಕೊಂಡು, ನಿಜವಾದ ಆಸಕ್ತಿಯಿಂದ.

"ಇಬ್ಬರು ಹುಡುಗಿಯರು ಓದುತ್ತಿದ್ದರು" ಎಂದೆ.

"ಎಲ್ಲ ಕೋಣೆಯಲ್ಲೂ ಓದುತ್ತಿದ್ದರಲ್ಲ ಮೇಡಂ" ಎಂದರು ಮೆಲ್ಲಗೆ. ಅದೂ ನಿಜ.

ಹೊರಗೆ ಬಂದ ಮೇಲೆ ಅನುಷಾ, ಆ ಡಬ್ಬಿ ಮಾಡಿದವರು ಯಾರು ಎಂದಳು. ನನ್ನ ರೂಂಮೇಟಿನ ತಂದೆ ಎಂದೆ. "ಇದ್ದಾರಾ?" ಎಂದಳು. ಗೊತ್ತಿಲ್ಲ ಎಂದೆ. ಆ ವಾರವೇ ಚನ್ನಪಟ್ಟಣದ ಬಸ್ಸು ಹತ್ತಿದೆ.

ಬೀದಿ ಗುರುತು ಸಿಗಲಿಲ್ಲ. ಮರದ ಹೊಟ್ಟಿನ ವಾಸನೆ ಮಾತ್ರ ಅದೇ. ಕರೆಂಟಿನ ಲೇತುಗಳು ಗುಂಯ್ಗುಟ್ಟುತ್ತಿದ್ದ ಒಂದು ಅಂಗಡಿಯಲ್ಲಿ ಬಾಬಾಜಾನ್ ಸಾಬರ ಮನೆ ಯಾವುದು ಎಂದು ಕೇಳಿದೆ. ನರೆತ ಗಡ್ಡದ ಒಬ್ಬರು ಯಂತ್ರ ನಿಲ್ಲಿಸಿ ಎದ್ದು ಬಂದರು. ಐವತ್ತು ದಾಟಿರಬಹುದು. ನಾನು ಯಾರೆಂದು ಹೇಳಿದೆ. ಅವರು ಕೈ ಒರೆಸಿಕೊಳ್ಳುವುದನ್ನು ಮರೆತು ನಿಂತರು. ಶಮೀಮಳ ತಮ್ಮ ನಯಾಜ್. ಅಕ್ಕ ತೀರಿಕೊಂಡಾಗ ಅವನಿನ್ನೂ ತೊಡೆಯ ಮೇಲೆ ಕೂರುವ ಮಗು.

"ಅಬ್ಬಾ ಇನ್ನೂ ಅವ್ರೆ ಅಮ್ಮ. ಅಮ್ಮೀಜಾನ್ ಹೋದ್ರು. ಅಬ್ಬಂಗೆ ಕಿವಿ ಒಸಿ ಮಂದ, ಕಣ್ಣು ಆಪರೇಷನ್ ಮಾಡ್ಸಿದೀವಿ, ನಮಗಿಂತ ಚೆನ್ನಾಗ್ ಕಾಣ್ತೈತೆ" ಎನ್ನುತ್ತ ಒಳಗೆ ಕರೆದೊಯ್ದ.

ತೊಂಬತ್ತರ ಅಂಚಿನ ಮನುಷ್ಯ ಕಿಟಕಿಯ ಬದಿಗೆ ಚಾಪೆಯ ಮೇಲೆ ಕುಳಿತಿದ್ದರು. ನಾನು ಹತ್ತಿರ ಕುಳಿತು ಹೆಸರು ಹೇಳುವ ಮೊದಲೇ ದಿಟ್ಟಿಸಿ ನೋಡಿ, "ಪುಟ್ಟವ್ವ ಅಲ್ವಾ? ಎಷ್ಟ್ ವಯಸ್ಸಾಗ್ ಬುಡ್ತು ನಿಂಗೆ!" ಎಂದರು. ಇಬ್ಬರೂ ನಕ್ಕೆವು. ಚಹಾ ಬಂತು, ಸಕ್ಕರೆ ಕಾಯಿಲೆಯನ್ನು ಮನೆಯಲ್ಲಿ ಬಿಟ್ಟು ಬಂದವಳಂತೆ ಕುಡಿದೆ.

"ಆ ಹಾಸ್ಟೆಲ್ಲು ಐತಾ ಇನ್ನೂವೆ?" ಎಂದು ಕೇಳಿದರು.

"ಇದೆ. ಅದನ್ನೇ ಮ್ಯೂಸಿಯಂ ಮಾಡ್ತಾರಂತೆ."

"ಮೂಜಿಯಂ ಅಂದ್ರೆ? ಹುಲಿ ಚರ್ಮಕ್ಕೆ ಹುಲ್ಲು ತುಂಬಿ ಮಡಗಿರ್ತಾರಲ್ಲ, ಅಂಗಾ?"

"ಹೆಚ್ಚುಕಡಿಮೆ ಅಂಗೇ. ಹುಲಿ ಬದಲು ಕುಲಪತಿಗಳು."

ಅವರು ಬಹಳ ಹೊತ್ತು ನಕ್ಕರು. ಆಮೇಲೆ ನನ್ನ ಕಡೆ ನೋಡದೆ, ತಮ್ಮ ಕೈಗಳನ್ನು ನೋಡಿಕೊಳ್ಳುತ್ತ ಮಾತಾಡಿದರು.

"ಒಂದ್ ಮಾತು ಕೇಳ್ತೀನಿ ಮಗ. ನೀನು ನಿಜ ಹೇಳ್ಬೇಕು. ನಾನೀಗ ಇವತ್ತೋ ನಾಳೆಯೋ ಅನ್ನೋನು, ಬೇಜಾರ್ ಮಾಡ್ಕಳಲ್ಲ."

"ಕೇಳಿ."

"ನಾ ಬಂದಾಗ್ಲೆಲ್ಲ ಅವ್ಳು ಇಳ್ದು ಬರೋದು ಲೇಟ್ ಮಾಡ್ತಿದ್ಲು. ಮಿಕ್ಕಿದ್ ಹುಡ್ಗೀರು ಅವರಪ್ಪ ಬಂದವ್ರೆ ಅಂದೇಟಿಗೆ ಓಡ್ಕಂಡ್ ಬರೋರು, ಚಪ್ಲೀನೂ ಹಾಕ್ದೆ. ಇವ್ಳು ಬತ್ತಿರ್ನಿಲ್ಲ. ನಾನು ಬಿಸ್ಲಲ್ಲಿ ನಿಂತ್ಕಂಡು ನೋಡ್ತಿದ್ದೆ. ಕಾರಲ್ಲಿ ಬರೋರು, ಪ್ಯಾಂಟು ಕೋಟು ಹಾಕ್ಕಂಡ್ ಬರೋರು ಎಲ್ಲ ಇರೋರು ಅಲ್ಲಿ. ನಾನು ನೋಡಿದ್ರೆ ಈ ಲುಂಗಿ, ಈ ಕೈ." ಕೈಗಳನ್ನು ಮಗುಚಿ ತೋರಿಸಿದರು. "ನಾಚ್ಕೆ ಆಯ್ತಿತ್ತಾ ಅವ್ಳಿಗೆ, ನನ್ನ ನೋಡಿ?"

ನಾನು ಲೋಟ ಕೆಳಗಿಟ್ಟೆ. ಅವರೇ ಮುಂದುವರಿಸಿದರು.

"ಒಂದ್ ಸಲ ಪ್ಯಾಂಟ್ ಹೊಲಿಸ್ಕಂಡು ಹಾಕ್ಕಂಡ್ ಬಂದೆ. ಅವತ್ತಾದ್ರೂ ಬೇಗ ಬತ್ತಾಳೆ ಅಂತ. ಅವತ್ತು ಇನ್ನೂ ಲೇಟಾಯ್ತು. ಆಮ್ಯಾಕೆ ಹಾಕ್ಲೇ ಇಲ್ಲ ಅದ್ನ. ತಪ್ಪು ಅನ್ನಕಿಲ್ಲ ನಾನು. ವಯಸ್ಸಿನ್ ಹುಡ್ಗಿ. ಆ ವಾರ್ಡನ್ನಮ್ಮ ಒಳಗ್ ಬನ್ನಿ ಅಂದ್ರಲ್ಲ ಅವತ್ತು, ಅದ್ಕೇ ನಾ ಬರ್ನಿಲ್ಲ. ಅವ್ಳಿದ್ದಾಗ ಇಷ್ಟ ಇರ್ನಿಲ್ಲ ಅವ್ಳಿಗೆ ನಾ ಒಳಗ್ ಬರೋದು. ಹೋದ್ಮೇಲೆ ನುಗ್ಗದಾ?"

ಇಷ್ಟು ವರ್ಷ. ಈ ಮನುಷ್ಯ ಇದನ್ನು ಎದೆಯೊಳಗಿಟ್ಟುಕೊಂಡು ಇಷ್ಟು ವರ್ಷ ಬೊಂಬೆ ಮಾಡಿದ್ದರು.

ನಾನು ಅವರ ಕೈ ಹಿಡಿದುಕೊಂಡು, ಮಂದ ಕಿವಿಗೆ ಕೇಳುವ ಹಾಗೆ, ಇದ್ದದ್ದನ್ನು ಹೇಳಿದೆ. ಶಮೀಮಳ ಮಂಚ ಕಿಟಕಿಯ ಪಕ್ಕದಲ್ಲಿತ್ತು. ಅಲ್ಲಿಂದ ಗೇಟೂ ಕಾಣುತ್ತಿತ್ತು, ಗೇಟಿನಾಚೆ ರಸ್ತೆಯ ತಿರುವೂ ಕಾಣುತ್ತಿತ್ತು. ಭಾನುವಾರ ಬೆಳಗಾದರೆ ಅವಳು ಅಲ್ಲೇ. ಕಾವಲುಗಾರ ಕೂಗುವ ಎಷ್ಟೋ ಮೊದಲೇ, ತಿರುವಿನಲ್ಲಿ ಟೋಪಿ ಕಂಡ ಕೂಡಲೇ ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾದದ್ದೇ ಅಳು. ಸರಳು ಹಿಡಿದುಕೊಂಡು ನಿಂತು ಬಿಕ್ಕಿ ಬಿಕ್ಕಿ ಅಳುವಳು. ಆಮೇಲೆ ಬಚ್ಚಲಿಗೆ ಓಡಿ ಮುಖ ತೊಳೆದು ಬಂದು, ಪೌಡರ್ ಹಚ್ಚಿಕೊಂಡು, ಕಣ್ಣು ಕೆಂಪಾಗಿದೆಯಾ ನೋಡೇ ಎಂದು ನನಗೆ ತೋರಿಸುವಳು. ಕೆಂಪಾಗಿದೆ ಎಂದರೆ ಮತ್ತೆ ತೊಳೆಯುವಳು. ದನಿ ಸರಿಯಾಗಲೆಂದು ಪುಸ್ತಕ ತೆಗೆದು ಒಂದು ಪುಟ ಗಟ್ಟಿಯಾಗಿ ಓದುವಳು. ಆಮೇಲೇ ಇಳಿಯುವುದು.

"ಯಾಕಂಗೆ? ಅತ್ರೆ ಏನಾಯ್ತಿತ್ತು?" ಎಂದರು ಸಾಬರು.

"ನೀವೇ ಹೇಳಿದ್ರಂತಲ್ಲ, ಹಾಸ್ಟೆಲ್ಲಿಗೆ ಬಿಡುವಾಗ. ನಿನ್ನ ಕಣ್ಣಲ್ಲಿ ಒಂದು ದಿನ ನೀರು ಕಂಡರೂ ಆವತ್ತೇ ಮನೆಗೆ ಕರ್ಕೊಂಡು ಬತ್ತೀನಿ ಅಂತ. ನೀವು ಕರ್ಕೊಂಡು ಹೋಗಿಬಿಡ್ತೀರಿ ಅಂತ ಅವಳಿಗೆ ಹೆದರಿಕೆ. ಅವಳಿಗೆ ಮನೇನೂ ಬೇಕಿತ್ತು, ಓದೂ ಬೇಕಿತ್ತು."

"ಅಂಗಂದಿದ್ನಾ ನಾನು?" ಅವರು ನೆನಪು ಮಾಡಿಕೊಳ್ಳಲು ನೋಡಿದರು. "ಬಸ್ ಹತ್ತಿಸೋವಾಗ ಏನೇನೋ ಅಂತೀವಿ."

"ಪ್ಯಾಂಟು ಹಾಕಿಕೊಂಡು ಬಂದಿರಲ್ಲ, ಅವತ್ತಿನದು ನನಗೂ ನೆನಪಿದೆ. 'ಪುಟ್ಟಿ, ಅಬ್ಬಾ ನೋಡೇ, ನನಗೋಸ್ಕರ ಪ್ಯಾಂಟ್ ಹೊಲಿಸವ್ರೆ' ಅಂತ ನಗೋಕೆ ಶುರು ಮಾಡಿದಳು. ನಗ್ತಾ ನಗ್ತಾ ಅಳು. ಅವತ್ತು ಮುಖ ಎಷ್ಟು ತೊಳೆದರೂ ಸರಿಹೋಗಲಿಲ್ಲ."

ಸಾಬರು ನನ್ನ ಕೈಯನ್ನು ಮೆಲ್ಲಗೆ ತಟ್ಟಿದರು. "ಒಳ್ಳೇಳು ನೀನು. ಒಳ್ಳೇ ಮಾತೇ ಹೇಳ್ತೀಯ" ಎಂದರು. ನಂಬಲಿಲ್ಲ ಎಂದು ಗೊತ್ತಾಯಿತು. ಸತ್ತವರ ಮನೆಯಲ್ಲಿ ಜನ ಆಡುವ ಸಮಾಧಾನದ ಮಾತುಗಳ ಸಾಲಿಗೆ ನನ್ನ ಮಾತನ್ನೂ ಸೇರಿಸಿ ಇಟ್ಟುಬಿಟ್ಟರು. ನಯಾಜ್ ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ಬಂದಾಗ, "ಅಕ್ಕನ್ ವಿಸ್ಯ ಅಬ್ಬಾ ಬಾಯಿ ಬುಟ್ಟಿದ್ದು ನಾನ್ ಕೇಳಿದ್ದು ಇದೇ ಮೊದ್ಲು ಅಮ್ಮ" ಎಂದ.

ಬಸ್ಸಿನಲ್ಲಿ ಕುಳಿತೇ ಅನುಷಾಗೆ ಫೋನು ಮಾಡಿದೆ. ಎಲ್ಲವನ್ನೂ ಹೇಳಿದೆ, ಅಕ್ಕಪಕ್ಕದವರೂ ಕೇಳಿಸಿಕೊಂಡರು. "ಸೋಮವಾರ ಗೋಡೆ ಒಡೆಯೋಕೆ ಬರ್ತಾರೆ ಮೇಡಂ. ಅದನ್ನ ನಿಲ್ಲಿಸೋದು ನನ್ನ ಕೈಲಿಲ್ಲ. ಭಾನುವಾರ ಕರ್ಕೊಂಡು ಬನ್ನಿ, ಕೀಲಿ ನಾನು ತರ್ತೀನಿ" ಎಂದಳು.

ಈಗ ಆ ಕೋಣೆ ಇಲ್ಲ. ಅಲ್ಲಿ ಕುಲಪತಿಗಳಿದ್ದಾರೆ, ತಕ್ಕ ಬೆಳಕಿನಲ್ಲಿ, ಗೌರವದಿಂದ. ಎ.ಸಿ. ಹಾಕುವ ಸಲುವಾಗಿ ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಿದರು. ಹಾಲ್ ಚೆನ್ನಾಗಿ ಬಂದಿದೆ, ಸುಳ್ಳು ಹೇಳಬಾರದು. ಬಾಬಾಜಾನ್ ಸಾಬರೂ ಇಲ್ಲ; ಮ್ಯೂಸಿಯಂ ತೆರೆಯುವ ಮೊದಲೇ, ಮಳೆಗಾಲದಲ್ಲಿ, ಮಧ್ಯಾಹ್ನ ಮಲಗಿದವರು ಏಳಲಿಲ್ಲವೆಂದು ನಯಾಜ್ ಫೋನು ಮಾಡಿದ. ಹೋಗಿ ಬಂದೆ. ಆದರೆ ನಾನು ನಿಮಗೆ ಹೇಳಬೇಕೆಂದು ಕುಳಿತದ್ದು ಆ ಭಾನುವಾರದ್ದು.

ನಯಾಜ್ ಹೇಗೋ ಒಪ್ಪಿಸಿ, ಬೊಂಬೆ ಸಾಗಿಸುವ ತನ್ನ ವ್ಯಾನಿನಲ್ಲಿ ಅಪ್ಪನನ್ನು ಕರೆತಂದ. ಗೇಟಿನ ಬಳಿ ವ್ಯಾನು ನಿಲ್ಲಿಸು ಎಂದು ಸಾಬರೇ ಹೇಳಿದರಂತೆ. ಅಲ್ಲಿ ಈಗ ಗೇಟೇ ಇಲ್ಲ, ಎರಡು ಕಲ್ಲಿನ ಕಂಬ ಮಾತ್ರ. ಅವರು ಇಳಿದವರು ಬಲಗಡೆಯ ಕಂಬದ ಪಕ್ಕ ನಿಂತುಬಿಟ್ಟರು. ನಾನು ಒಳಗಿನಿಂದ ಹೋಗಿ, ಬನ್ನಿ ಎಂದೆ.

"ಯಾರಾದ್ರೂ ಏನಾರ ಅಂದಾರು" ಎಂದರು.

"ಅನ್ನೋರು ಯಾರೂ ಇಲ್ಲ. ನಾನೇ ಸಮಿತಿ" ಎಂದೆ. ನನ್ನ ಜೀವನದಲ್ಲಿ ಆಡಿದ ಅತ್ಯಂತ ದೊಡ್ಡ ಜಂಬದ ಮಾತು ಅದು.

ಮೆಟ್ಟಿಲು ಹತ್ತಲು ಬಹಳ ಹೊತ್ತು ಹಿಡಿಯಿತು. ಒಂದು ಕೈ ನಯಾಜನ ಹೆಗಲ ಮೇಲೆ, ಇನ್ನೊಂದು ಗೋಡೆಯ ಮೇಲೆ. ನಡುವೆ ಕುಳಿತು ಸುಧಾರಿಸಿಕೊಂಡರು. ಅನುಷಾ ಬೀಗ ತೆರೆದು, ನಮ್ಮನ್ನು ಒಳಗೆ ಬಿಟ್ಟು, ತಾನು ವರಾಂಡದಲ್ಲೇ ಉಳಿದಳು. ಕೋಣೆಯಲ್ಲಿ ಏನೂ ಇರಲಿಲ್ಲ. ಸಿಮೆಂಟಿನ ಚೀಲಗಳು, ಪಾರಿವಾಳದ ಗಲೀಜು, ಒಡೆಯಬೇಕಾದ ಗೋಡೆಯ ಮೇಲೆ ನೀಲಿ ಸೀಮೆಸುಣ್ಣದ ಗೆರೆ. ನನ್ನ ಅರಮನೆ ಇಷ್ಟು ಚಿಕ್ಕದಿತ್ತೆ ಎಂದು ನನಗೇ ಆಶ್ಚರ್ಯವಾಯಿತು.

"ಅವ್ಳು ಮಲಗ್ತಿದ್ದದ್ದು ಯಾವ್ ಕಡೆ?" ತೋರಿಸಿದೆ. ಅಲ್ಲಿಗೆ ಹೋಗಿ ನಿಂತರು. ಗೋಡೆಯ ಮೇಲೆ, ಮಲಗಿದವರ ತಲೆ ತಾಗುವಷ್ಟು ಎತ್ತರದಲ್ಲಿ ಅಂಗೈ ಇಟ್ಟರು. "ಗಾಳಿ ಬೆಳಕು ಐತೆ" ಎಂದರು ತಮ್ಮಷ್ಟಕ್ಕೆ. ಆಗಿನ್ನೂ ಕಿಟಕಿ ಮುಚ್ಚಿಯೇ ಇತ್ತು.

ಕಿಟಕಿಯ ಬಾಗಿಲು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನಯಾಜ್ ಭುಜ ಕೊಟ್ಟು ದೂಡಿದ. ಬಿಸಿಲು ಒಳಗೆ ಬಿತ್ತು. ಸಾಬರು ಸರಳು ಹಿಡಿದುಕೊಂಡು ಹೊರಗೆ ನೋಡಿದರು. ಎದುರಿಗೆ ಕಂಬಗಳು, ಆಚೆಗೆ ರಸ್ತೆ, ರಸ್ತೆಯ ತಿರುವು. ನಡುವೆ ಅಡ್ಡ ಬರುವ ಒಂದು ಮರವೂ ಇಲ್ಲ.

ಸ್ವಲ್ಪ ಹೊತ್ತಾದ ಮೇಲೆ ತಿರುಗದೆಯೇ, "ನಯಾಜೂ, ಕೆಳಗ್ ಹೋಗಿ ಆ ಕಂಬದತ್ರ ನಿಂತ್ಕೊ" ಎಂದರು.

"ಯಾಕಬ್ಬಾ?"

"ನಿಂತ್ಕೊ ಹೋಗು."

ನಯಾಜ್ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಇಳಿದು ಹೋದ. ನಾನೂ ಸಾಬರ ಪಕ್ಕದಲ್ಲಿ ಸರಳು ಹಿಡಿದುಕೊಂಡು ನಿಂತೆ. ಅಂಗಳ ದಾಟಿ ಹೋದ ನಯಾಜ್ ಕಂಬದ ಪಕ್ಕ ನಿಂತ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಒಮ್ಮೆ ಎಡಗಾಲಿನ ಮೇಲೆ ಒಮ್ಮೆ ಬಲಗಾಲಿನ ಮೇಲೆ ಭಾರ ಹಾಕುತ್ತ, ಕೈಗಳನ್ನು ಏನು ಮಾಡಬೇಕೆಂದು ತೋಚದೆ ಮುಂದೆ ಕಟ್ಟಿಕೊಂಡ. ಮೇಲಿನಿಂದ ನೋಡಿದರೆ ಬಾಗಿಲನ್ನೇ ನೋಡುತ್ತ ಕಾಯುತ್ತಿರುವ ಒಬ್ಬ ಸಣ್ಣ ಮನುಷ್ಯ.

"ನಾನೂ ಇಂಗೇ ಕಾಣ್ತಿದ್ನಾ?" ಎಂದರು ಸಾಬರು.

"ಹೂಂ. ಇದೇ ಜಾಗ."

ಅವರ ಹಣೆ ಸರಳಿಗೆ ತಾಗಿತು. "ಅಳ್ದೆ ಇನ್ನೇನ್ ಮಾಡ್ತದೆ ಮಗೀ" ಎಂದರು. "ಅಳ್ದೆ ಇನ್ನೇನ್ ಮಾಡ್ತದೆ."

ಕೆಳಗಿನಿಂದ ನಯಾಜ್ ಕೈ ಎತ್ತಿ ಕೂಗಿದ. "ಅಬ್ಬಾ, ಬರ್ಲಾ?"

ನಾನು ಬಾ ಎಂದು ಕೈ ಮಾಡಲು ಹೋದೆ. ಸಾಬರು ನನ್ನ ಮುಂಗೈ ಹಿಡಿದು ತಡೆದರು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ.

"ಇರ್ಲಿ ಬುಡು" ಎಂದರು. "ಒಸಿ ಹೊತ್ತು ನಿಂತಿರ್ಲಿ."